ಕಲ್ಲಿನ ಕಪ್ಪು, ಕಾಗದದ ಕಪ್ಪು: ಡಿಕ್ಸನ್‌ ಕ್ಯಾಮೆರಾದಿಂದ ಮನೆಯ ಇಂಕ್‌ಜೆಟ್‌ವರೆಗೆ

1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರ ತೆಗೆದರು. ಆಗ ಇಲ್ಲಿ ಚೀಫ್ ಕಮಿಷನರ್ ಆಗಿದ್ದವರು ಬೌರಿಂಗ್. ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಓದಿ, ಇಂಗ್ಲಿಷಿಗೆ ತಂದು, ಬಿ. ಎಲ್. ರೈಸ್ 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಪ್ರಕಟಿಸಿದರು. ಅಂದರೆ ನಮ್ಮ ಶಾಸನಶಾಸ್ತ್ರದ ಒಂದು ಮೊದಲ ಪುಸ್ತಕ ನಿಂತಿರೋದು ಕಲ್ಲಿನ ಮೇಲಲ್ಲ, ಕಲ್ಲಿನ ಚಿತ್ರದ ಮೇಲೆ. ಚಿತ್ರದಲ್ಲಿ ಕಾಣದ ಅಕ್ಷರ ಆ ಓದಿನಲ್ಲಿ ಬರೋ ಹಾಗೇ ಇಲ್ಲ.

ನಾವು ಲಿಪಿಯ ಬಗ್ಗೆ, ಕಾಲನಿರ್ಣಯದ ಬಗ್ಗೆ, ಪಾಠಾಂತರದ ಬಗ್ಗೆ ಪುಟಗಟ್ಟಲೆ ಚರ್ಚೆ ಮಾಡ್ತೀವಿ. ಕಲ್ಲಿಗೂ ಕಣ್ಣಿಗೂ ನಡುವೆ ಇರುವ ಕಾಗದ ಮತ್ತು ಮಸಿಯ ಬಗ್ಗೆ ಮಾತ್ರ ಅಷ್ಟಾಗಿ ಮಾತಾಡೋದಿಲ್ಲ. ವೃತ್ತಿಯಿಂದ ಇಂಜಿನಿಯರ್ ಆದ ನನಗೆ ಇದು ಸ್ವಲ್ಪ ವಿಚಿತ್ರ ಅನ್ನಿಸುತ್ತೆ. ಅಳತೆ ಪಟ್ಟಿ ಸರಿಯಿದೆಯೋ ಇಲ್ಲವೋ ನೋಡದೆ ಅಳೆದ ಹಾಗೆ.

ಹಿಂದಿನ ದಾರಿ ನೋಡೋಣ. ಕರ್ನಲ್ ಮೆಕೆಂಜಿಯ ಕಾಲದಲ್ಲಿ ಅವರ ಸಹಾಯಕರು ಊರೂರು ತಿರುಗಿ ಶಾಸನಗಳನ್ನು ಕೈಯಲ್ಲೇ ನಕಲು ಮಾಡಿದರು. ನಕಲುಗಾರನಿಗೆ ಅರ್ಥವಾದದ್ದು ಕಾಗದಕ್ಕೆ ಬಂತು, ಅರ್ಥವಾಗದ್ದು ಊಹೆಯಾಗಿ ಬಂತು. ಆಮೇಲೆ ಬಂದ ಪಡಿಯಚ್ಚು ಈ ಊಹೆಗೆ ಕಡಿವಾಣ ಹಾಕಿತು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಕಾಗದವನ್ನು ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿಯ ಉಂಡೆ ಒತ್ತುತ್ತಾರೆ. ಉಬ್ಬಿದ ಜಾಗ ಕಪ್ಪು, ತಗ್ಗಿನ ಅಕ್ಷರ ಬಿಳಿ. ಇಲ್ಲಿ ಒಂದು ಸೂಕ್ಷ್ಮ ಇದೆ: ಪಡಿಯಚ್ಚು ಬರೀ ಕಪ್ಪು-ಬಿಳಿ ಅಲ್ಲ. ಸವೆದ ಅಕ್ಷರದ ಅಂಚು ಬೂದು. ಕಲ್ಲಿನ ಸಹಜ ಗುಳಿಯ ಅಂಚು ಬೇರೆ ಥರದ ಬೂದು. ಅಕ್ಷರ ಯಾವುದು, ಪೆಟ್ಟು ಯಾವುದು ಅಂತ ಹೇಳೋದು ಈ ಬೂದುಗಳೇ.

ಪಡಿಯಚ್ಚನ್ನು ಪುಸ್ತಕಕ್ಕೆ ತರುವಾಗ ಮತ್ತೆ ಕೈ ಆಡುತ್ತಿತ್ತು. ಕಲ್ಲಚ್ಚಿನವರು ಅಕ್ಷರದ ಸುತ್ತ ಕಪ್ಪು ತುಂಬಿ 'ಸ್ಪಷ್ಟ' ಮಾಡಿಬಿಡುತ್ತಿದ್ದರು. ಬೆಳಗಾವಿ, ಧಾರವಾಡ ಕಡೆಯ ಶಾಸನಗಳ ಮೇಲೆ ದುಡಿದ ಜೆ. ಎಫ್. ಫ್ಲೀಟ್, ಕೈ ತಿದ್ದದ ಯಾಂತ್ರಿಕ ಪ್ರತಿಕೃತಿಯೇ ಬೇಕು ಎಂದು ಹಟ ಹಿಡಿದವರಲ್ಲಿ ಪ್ರಮುಖರು. 'ಇಂಡಿಯನ್ ಆಂಟಿಕ್ವರಿ'ಯ ಎಷ್ಟೋ ಫಲಕಗಳನ್ನು ಲಂಡನ್ನಿನ ಗ್ರಿಗ್ಸ್ ಅಚ್ಚು ಹಾಕಿದ್ದು. ಆ ಮೂಲ ಫಲಕಗಳನ್ನು ಗ್ರಂಥಾಲಯದಲ್ಲಿ ಒಮ್ಮೆ ನೋಡಿ, ಆಮೇಲೆ ಅದೇ ಸಂಪುಟದ ಸ್ಕ್ಯಾನ್ ಜಾಲದಲ್ಲಿ ತೆರೆಯಿರಿ. ಹಲವು ಸ್ಕ್ಯಾನ್‌ಗಳಲ್ಲಿ ಬೂದು ಅನ್ನೋದೇ ಇಲ್ಲ; ಒಂದೋ ಕಪ್ಪು, ಇಲ್ಲಾ ಬಿಳಿ. ಫ್ಲೀಟ್ ಹಟ ಮಾಡಿ ಉಳಿಸಿದ್ದನ್ನ ನಾವು ಒಂದು ಗುಂಡಿ ಒತ್ತಿ ಅಳಿಸಿದ್ದೀವಿ.

ಇದರಿಂದ ಏನು ನಷ್ಟ ಅಂತ ಕೇಳಬಹುದು. ಹಳಗನ್ನಡ ಲಿಪಿಯಲ್ಲಿ 'ಪ' ಮತ್ತು 'ವ' ಹತ್ತಿರದ ರೂಪಗಳು. 'ಪ'ದ ತಲೆ ತೆರೆದಿರುತ್ತೆ, 'ವ'ದ ತಲೆ ಮುಚ್ಚಿರುತ್ತೆ. ಆ ತೆರಪು ಸವೆದ ಕಲ್ಲಿನಲ್ಲಿ ಕೂದಲೆಳೆಯಷ್ಟು. ಅನುಸ್ವಾರದ ಸೊನ್ನೆ ಮತ್ತು ಮಳೆಗೆ ಬಿದ್ದ ಗುಳಿ, ಇವೆರಡರ ನಡುವಿನ ವ್ಯತ್ಯಾಸವೂ ಹೀಗೇ. ಬೇಗೂರಿನ ನಾಗೇಶ್ವರ ದೇವಸ್ಥಾನದ ಶಾಸನದಲ್ಲಿ ಬೆಂಗಳೂರಿನ ಹೆಸರಿದೆ, ಸುಮಾರು 890ರ ಕಾಲದ್ದು. ಒಂದು ಮಹಾನಗರದ ಹೆಸರಿನ ಪ್ರಾಚೀನತೆ ನಿಂತಿರೋದು ನಾಲ್ಕೈದು ಅಕ್ಷರದ ಮೇಲೆ. ಇನ್ನು ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಬೆಂಗಳೂರು ಜಿಲ್ಲೆಯ ಸಂಪುಟ, ಅಂದರೆ 9ನೆಯದು, ಹಿಡಿದು ಊರು ಸುತ್ತಿದವರಿಗೆ ಗೊತ್ತು, ಅದರಲ್ಲಿರುವ ಎಷ್ಟೋ ಕಲ್ಲುಗಳು ಇವತ್ತು ಇಲ್ಲ. ರಸ್ತೆ ಅಗಲ ಆಯ್ತು, ಕಾಂಪೌಂಡ್ ಎದ್ದಿತು, ಕಲ್ಲು ಚರಂಡಿಗೆ ಚಪ್ಪಡಿ ಆಯ್ತು. ಕಲ್ಲು ಹೋದ ಮೇಲೆ ಉಳಿಯೋದು ಪಡಿಯಚ್ಚು ಅಥವಾ ಫೋಟೋ ಮಾತ್ರ.

ಮೊಬೈಲಿನಲ್ಲೇ ದೊಡ್ಡದು ಮಾಡಿ ನೋಡಬಹುದಲ್ಲ, ಪ್ರಿಂಟ್ ಯಾಕೆ? ದೊಡ್ಡದು ಮಾಡಿದಾಗ ಸಾಲು ತಪ್ಪುತ್ತೆ. ಶಾಸನವನ್ನು ಓದೋದು ಅಕ್ಷರ ಅಕ್ಷರವಾಗಿ ಅಲ್ಲ, ಸಾಲಿನ ಓಟ, ಸೂತ್ರವಾಕ್ಯ, ಅಕ್ಷರದ ಅಳತೆ ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳಬೇಕು. ಮೂರು ಜನ ಮೇಜಿನ ಸುತ್ತ ಕೂತು ಪೆನ್ಸಿಲ್ ಹಿಡಿದು ವಾದ ಮಾಡಬೇಕು. ಅದೂ ಅಲ್ಲದೆ ವೀರಗಲ್ಲಿನ ಒಂದು ಒಳ್ಳೆ ಪ್ರಿಂಟನ್ನು ಪಂಚಾಯ್ತಿ ಕಚೇರಿಯ ಗೋಡೆಗೆ ತೂಗುಹಾಕಿ ನೋಡಿ, ಆ ಕಲ್ಲಿನ ಮೇಲೆ ಬಟ್ಟೆ ಒಗೆಯೋದು ತಾನಾಗೇ ಕಡಿಮೆ ಆಗುತ್ತೆ.

ಮನೆಯ ಇಂಕ್‌ಜೆಟ್ ಹುಟ್ಟಿದ್ದು ಬಣ್ಣಕ್ಕಾಗಿ. ಬೂದು ಬೇಕೆಂದರೆ ಅದು ನೀಲಿ, ಕೆನ್ನೇರಳೆ, ಹಳದಿ ಮೂರನ್ನೂ ಬೆರೆಸುತ್ತೆ. ಬೆರಕೆ ಸ್ವಲ್ಪ ಆಚೀಚೆ ಆದರೂ ಕಲ್ಲು ಹಸಿರಾಗುತ್ತೆ. ಇನ್ನೊಂದು ಕಾಟ: ಟ್ಯೂಬ್‌ಲೈಟಿನ ಕೆಳಗೆ ಬೂದು ಕಂಡದ್ದು ಬಿಸಿಲಿಗೆ ಹಿಡಿದರೆ ಗುಲಾಬಿ ಕಾಣುತ್ತೆ. ಇದಕ್ಕೆ ಪರಿಹಾರ ಹುಡುಕಿದವರು ಛಾಯಾಗ್ರಾಹಕರು. ಅಮೆರಿಕದ ಜಾನ್ ಕೋನ್ ಬಣ್ಣದ ಶಾಯಿ ತೆಗೆದು ಬೇರೆ ಬೇರೆ ಸಾಂದ್ರತೆಯ ಕಪ್ಪುಗಳನ್ನೇ ತುಂಬುವ ಪೀಜೋಗ್ರಫಿ ತಂದರು. ರಾಯ್ ಹ್ಯಾರಿಂಗ್ಟನ್ ಬರೆದ ಕ್ವಾಡ್‌ಟೋನ್ ರಿಪ್ ಎಂಬ ತಂತ್ರಾಂಶ ಯಾವ ಶಾಯಿ ಎಷ್ಟು ಬೀಳಬೇಕು ಅನ್ನೋದನ್ನ ಬಳಕೆದಾರನ ಕೈಗೇ ಕೊಟ್ಟಿತು. 2005ರಲ್ಲಿ ಎಪ್ಸನ್ ಕಂಪನಿ ಆರ್ 2400 ಮಾದರಿಯಲ್ಲಿ ಕಪ್ಪಿನ ಜೊತೆ ಎರಡು ತಿಳಿಗಪ್ಪು ಶಾಯಿಗಳನ್ನು ಕೊಟ್ಟಿತು. ಶಾಸನಪ್ರಿಯರಿಗೆ ಅಂದಿನಿಂದ ಒಳ್ಳೆ ದಿನ ಅನ್ನಬಹುದು, ನಮ್ಮಲ್ಲಿ ಹೆಚ್ಚು ಜನ ಅದನ್ನ ಗಮನಿಸದಿದ್ದರೂ.

ಈಗ ಲೆಕ್ಕಕ್ಕೆ ಬರೋಣ. ಕಪ್ಪನ್ನು ಅಳೆಯೋದು ಸಾಂದ್ರತೆಯಲ್ಲಿ, ಅದು ಲಾಗರಿದಮ್ ಅಳತೆ. ಸಾಂದ್ರತೆ 1 ಅಂದರೆ ಬಿದ್ದ ಬೆಳಕಿನ ಹತ್ತನೇ ಒಂದು ಭಾಗ ವಾಪಸ್ ಬರುತ್ತೆ, 2 ಅಂದರೆ ನೂರನೇ ಒಂದು. ಮ್ಯಾಟ್ ಕಾಗದದ ಮೇಲೆ ಕಡುಗಪ್ಪು ಸುಮಾರು 1.6ಕ್ಕೆ ನಿಲ್ಲುತ್ತೆ, ಶೇ. 2.5ರಷ್ಟು ಬೆಳಕು ಹಿಂತಿರುಗುತ್ತೆ. ಹೊಳಪಿನ ಕಾಗದದಲ್ಲಿ 2.2 ಮುಟ್ಟಬಹುದು, ಅಲ್ಲಿ ಶೇ. 0.6 ಮಾತ್ರ. ಕಣ್ಣಿನ ಗ್ರಹಿಕೆಗೆ ಹೊಂದಿಸಿದ 0ರಿಂದ 100ರ ಎಲ್ ಮಾಪಕದಲ್ಲಿ ಮ್ಯಾಟ್‌ನ ಕಪ್ಪು ಸುಮಾರು 18, ಹೊಳಪಿನದು ಸುಮಾರು 6. ಕಾಗದದ ಬಿಳಿ 96 ಅಂತಿಟ್ಟುಕೊಂಡರೆ ಮ್ಯಾಟ್‌ನಲ್ಲಿ ನಮಗೆ ಸಿಗುವ ಇಡೀ ಜಾಗ 78 ಅಂಶ. ಇಷ್ಟರಲ್ಲೇ ಕಲ್ಲಿನ ಎಲ್ಲ ಛಾಯೆ ಕೂರಬೇಕು.

ಬಿಳಿಯಿಂದ ಕಪ್ಪಿಗೆ ಶೇ. 5ರಂತೆ ಏರುವ 21 ಮೆಟ್ಟಿಲಿನ ಪಟ್ಟಿ ಮುದ್ರಿಸಿ. ಸರಿ ಹೊಂದಿಸಿದ ಪ್ರಿಂಟರಿನಲ್ಲಿ ಪ್ರತಿ ಮೆಟ್ಟಿಲಿನ ನಡುವೆ 78ನ್ನು 20ರಿಂದ ಭಾಗಿಸಿದಷ್ಟು, ಅಂದರೆ 3.9 ಅಂತರ ಬರಬೇಕು. ಹೊಂದಿಸದ ಪ್ರಿಂಟರಿನಲ್ಲಿ ಹಾಗೆ ಬರೋದಿಲ್ಲ. ಶಾಯಿ ನಾರಿನೊಳಗೆ ಹರಡಿಕೊಂಡು ಮಧ್ಯದ ಬೂದು ಬೇಕಾದ್ದಕ್ಕಿಂತ ಗಾಢವಾಗುತ್ತೆ, ಕೊನೆಯ ನಾಲ್ಕೈದು ಮೆಟ್ಟಿಲು ಒಂದರೊಳಗೊಂದು ಸೇರಿ ಒಂದೇ ಕಪ್ಪು ಮುದ್ದೆ. ಓರೆ ಬೆಳಕಿನಲ್ಲಿ ತೆಗೆದ ಶಾಸನದ ಫೋಟೋದಲ್ಲಿ ಅಕ್ಷರದ ಹೊಂಡ ಇರೋದು ಇದೇ ಮೆಟ್ಟಿಲುಗಳಲ್ಲಿ! ಹೊಂಡದ ಒಳಗೆ ಉಳಿಯ ಗುರುತು ಇದೆಯೋ, ಬರೀ ಒಡಕೋ ಅನ್ನೋದು ಅಲ್ಲೇ ಮುಚ್ಚಿಹೋಗುತ್ತೆ.

ಹಾಗಾಗಿ ಮೊದಲು ಶಾಯಿಯ ಮಿತಿ ಕಂಡುಕೊಳ್ಳಬೇಕು. ಎಷ್ಟು ಸುರಿದ ಮೇಲೆ ಕಾಗದ ಇನ್ನು ಕಪ್ಪಾಗೋದಿಲ್ಲವೋ ಅಲ್ಲಿಗೆ ನಿಲ್ಲಿಸಿ. ಅದರ ಮುಂದೆ ಸುರಿದದ್ದು ಹರಡಲಿಕ್ಕೆ ಮಾತ್ರ. ಮುದ್ರಿಸುವ ಮುನ್ನ ನಳಿಕೆ ಪರೀಕ್ಷೆ ಕಡ್ಡಾಯ, ಒಂದು ನಳಿಕೆ ಕಟ್ಟಿದ್ದರೂ ಅಳತೆಯೆಲ್ಲ ನೀರಲ್ಲಿ ಹೋಮ. ಪಟ್ಟಿ ರಾತ್ರಿಯಿಡೀ ಒಣಗಲಿ. ಆಮೇಲೆ ಅಳತೆ. ಡೆನ್ಸಿಟೋಮೀಟರ್ ಎಲ್ಲರ ಮನೆಯಲ್ಲಿ ಎಲ್ಲಿರುತ್ತೆ? ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು, ಪಕ್ಕದಲ್ಲಿ ಕೊಡಾಕ್‌ನ ಬೂದು ಪಟ್ಟಿಯಂಥ ಒಂದು ಪ್ರಮಾಣ ಇರಬೇಕು ಅಷ್ಟೆ. ಕೊಡಾಕ್ ಪಟ್ಟಿಯಲ್ಲಿ 20 ಮೆಟ್ಟಿಲು, ಒಂದೊಂದಕ್ಕೂ 0.10 ಸಾಂದ್ರತೆಯ ಅಂತರ. ಸ್ಕ್ಯಾನರಿನ ತಾನಾಗೇ ತಿದ್ದುವ ಆಯ್ಕೆಗಳನ್ನೆಲ್ಲ ಆರಿಸಿ, ಎರಡನ್ನೂ ಒಟ್ಟಿಗೆ ಸ್ಕ್ಯಾನ್ ಮಾಡಿ, ಗೊತ್ತಿರುವ ಪಟ್ಟಿಯಿಂದ ಗೊತ್ತಿಲ್ಲದ ಪಟ್ಟಿಯನ್ನು ಲೆಕ್ಕ ಹಾಕೋದು. ಇಪ್ಪತ್ತೊಂದು ಅಂಕಿ ಎಕ್ಸೆಲ್‌ಗೆ ಹಾಕಿದರೆ ವಕ್ರರೇಖೆ ಸಿಗುತ್ತೆ. ಅದನ್ನು ತಿರುಗಿಸಿ ತಿದ್ದುಪಡಿ ಮಾಡಿ, ಮತ್ತೆ ಮುದ್ರಿಸಿ, ಮತ್ತೆ ಅಳೆಯಿರಿ. ಸಾಮಾನ್ಯವಾಗಿ ಎರಡು ಸುತ್ತಿಗೆ ಮೆಟ್ಟಿಲು ಸಮ ಆಗುತ್ತೆ. ಕಾಗದ ಬದಲಾದರೆ ಎಲ್ಲ ಮೊದಲಿಂದ.

ಮ್ಯಾಟ್ ಒಳ್ಳೆಯದೋ ಹೊಳಪೋ ಅಂತ ಬಹಳ ಜನ ಕೇಳ್ತಾರೆ. ಪಡಿಯಚ್ಚಿನ ಪ್ರತಿಗೆ ನಾನು ಮ್ಯಾಟ್ ಅನ್ನುತ್ತೇನೆ. ಮೂಲ ಪಡಿಯಚ್ಚೂ ಹೊಳಪಿಲ್ಲದ ಕಾಗದವೇ, ಅದರ ಕಪ್ಪಿನ ಸ್ವಭಾವಕ್ಕೆ ಇದು ಹತ್ತಿರ, ಪೆನ್ಸಿಲ್ ಕೂಡ ಹಿಡಿಯುತ್ತೆ. ಓರೆ ಬೆಳಕಿನ ಫೋಟೋಗೆ ಹೊಳಪಿನದೇ ಮೇಲು, ಕಪ್ಪಿನ ಕಡೆ 12 ಅಂಶ ಹೆಚ್ಚು ಜಾಗ ಸಿಗುತ್ತಲ್ಲ. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳಿಗೆ ಮಾಡುತ್ತಿರುವ ಮೂರು ಆಯಾಮದ ಸ್ಕ್ಯಾನಿಂಗ್‌ನಿಂದ ಬರುವ ಬೂದು ಚಿತ್ರಗಳಿಗೂ ಇದೇ ಮಾತು ಅನ್ವಯಿಸುತ್ತೆ.

ತಾನೇ ತಾನಾಗಿ ಕಾಂಟ್ರಾಸ್ಟ್ ಏರಿಸುವ ಗುಂಡಿ ಮಾತ್ರ ಬೇಡ. ಹಳೆಯ ಕಲ್ಲಚ್ಚಿನವರು ಬ್ರಷ್ ಹಿಡಿದು ಮಾಡುತ್ತಿದ್ದ ಕೆಲಸವನ್ನೇ ಅದು ಅರೆಕ್ಷಣದಲ್ಲಿ ಮಾಡುತ್ತೆ, ಎಲ್ಲಿ ತಿದ್ದಿತು ಅಂತ ಹೇಳೋದೂ ಇಲ್ಲ. ಓದಲಿಕ್ಕೆ ತಿದ್ದಿದ ಪ್ರತಿ ಬೇಕೇ ಬೇಕು ಅನ್ನಿಸಿದರೆ ತಿದ್ದದ ಪ್ರತಿಯನ್ನೂ ಪಕ್ಕದಲ್ಲಿಡಿ. ಪಿಗ್ಮೆಂಟ್ ಶಾಯಿ ಬಳಸಿ, ಡೈ ಶಾಯಿ ಬೆಳಕಿಗೆ ಬೇಗ ಮಾಸುತ್ತೆ. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಊರು, ಕಲ್ಲು ಇದ್ದ ಜಾಗ, ಚಿತ್ರ ತೆಗೆದ ದಿನ, ಬೆಳಕು ಬಿದ್ದ ದಿಕ್ಕು, ಕಾಗದ, ಶಾಯಿ ಬರೆದಿಡಿ. ಚಿತ್ರದ ಕೆಳಗಿನ ಅಂಚಿನಲ್ಲಿ ಆ 21 ಮೆಟ್ಟಿಲಿನ ಪಟ್ಟಿಯನ್ನೂ ಸಣ್ಣದಾಗಿ ಮುದ್ರಿಸಿದರೆ, ಐವತ್ತು ವರ್ಷದ ನಂತರ ನೋಡುವವರು ಕಪ್ಪು ಎಷ್ಟು ಮಾಸಿದೆ ಅಂತ ಅಲ್ಲೇ ಅಳೆದುಕೊಳ್ಳಬಹುದು.