ಹುಚ್ಚಿಗೆ ಕಾನೂನು ಹಿಡಿದ ಅಳತೆಗೋಲು

1843ರ ಜನವರಿ 20ರಂದು ಲಂಡನ್ನಿನ ವೈಟ್‌ಹಾಲ್ ಬಳಿ ನಡೆದುಹೋಗುತ್ತಿದ್ದ ಎಡ್ವರ್ಡ್ ಡ್ರಮಂಡ್ ಅವರಿಗೆ ಒಬ್ಬಾತ ಹಿಂದಿನಿಂದ ಗುಂಡು ಹೊಡೆದ. ಡ್ರಮಂಡ್ ಪ್ರಧಾನಿ ರಾಬರ್ಟ್ ಪೀಲ್ ಅವರ ಖಾಸಗಿ ಕಾರ್ಯದರ್ಶಿ. ಐದು ದಿನಗಳ ನಂತರ ತೀರಿಕೊಂಡರು. ಕೊಂದವನು ಗ್ಲಾಸ್ಗೋದ ಮರಗೆಲಸದವನಾದ ಡೇನಿಯಲ್ ಮೆಕ್‌ನಾಟನ್. ಗುಂಡು ತಗುಲಿದ್ದು ಪೀಲ್‌ಗೇ ಎಂದು ಅವನು ತಿಳಿದಿದ್ದ.

ಹುಚ್ಚನೆಂದರೆ ಬಟ್ಟೆ ಹರಿದುಕೊಂಡು ಬೀದಿಯಲ್ಲಿ ಕೂಗಾಡುವವನೆಂಬುದು ಜನರ ಕಲ್ಪನೆ. ಮೆಕ್‌ನಾಟನ್ ಹಾಗಿರಲಿಲ್ಲ. ಅವನ ಬಳಿ 750 ಪೌಂಡುಗಳ ಬ್ಯಾಂಕ್ ರಸೀದಿಯೇ ಇತ್ತು! ಆದರೆ ಟೋರಿ ಪಕ್ಷದವರು ತನ್ನನ್ನು ಹೋದಲ್ಲೆಲ್ಲ ಬೆನ್ನಟ್ಟಿ ಕಾಡುತ್ತಿದ್ದಾರೆ ಎಂಬ ಭ್ರಮೆ ಅವನಲ್ಲಿ ಬೇರೂರಿತ್ತು. ಮಿಕ್ಕೆಲ್ಲ ವಿಷಯಗಳಲ್ಲಿ ನೆಟ್ಟಗಿರುವ ಬುದ್ಧಿ ಒಂದೇ ಕಡೆ ಹೀಗೆ ಕೆಡಬಹುದೇ? ಕೆಡಬಹುದು ಎಂದು ವೈದ್ಯರು ಒಬ್ಬರ ಹಿಂದೊಬ್ಬರು ಸಾಕ್ಷ್ಯ ನುಡಿದರು. ಅಮೆರಿಕದ ವೈದ್ಯ ಐಸಾಕ್ ರೇ 1838ರಲ್ಲಿ ಪ್ರಕಟಿಸಿದ್ದ ಗ್ರಂಥವನ್ನು ವಕೀಲ ಅಲೆಕ್ಸಾಂಡರ್ ಕಾಕ್‌ಬರ್ನ್ ಆಧಾರವಾಗಿಟ್ಟುಕೊಂಡರು. ಸರ್ಕಾರದ ಕಡೆಯಿಂದ ಇದನ್ನು ಅಲ್ಲಗಳೆಯಲು ಒಬ್ಬ ವೈದ್ಯನೂ ಬರಲಿಲ್ಲ. ಬುದ್ಧಿಭ್ರಮಣೆಯ ಕಾರಣದಿಂದ ಆರೋಪಿ ನಿರ್ದೋಷಿ ಎಂದು ಜ್ಯೂರಿ ಹೇಳಿತು.

ತೀರ್ಪಿಗೆ ಜನ ಕೆರಳಿದರು. 1840ರಲ್ಲಿ ತಮ್ಮ ಮೇಲೇ ಗುಂಡು ಹಾರಿಸಿದ್ದವನೂ ಇದೇ ಕಾರಣದಿಂದ ನೇಣು ತಪ್ಪಿಸಿಕೊಂಡಿದ್ದನ್ನು ಕಂಡಿದ್ದ ವಿಕ್ಟೋರಿಯಾ ರಾಣಿಗಂತೂ ಇದು ಸಹಿಸಲಾಗದ ಮಾತು. ಹೌಸ್ ಆಫ್ ಲಾರ್ಡ್ಸ್ ನ್ಯಾಯಾಧೀಶರನ್ನು ಕರೆಸಿ ಪ್ರಶ್ನೆ ಕೇಳಿತು. ಜೂನ್‌ನಲ್ಲಿ ಅವರು ಕೊಟ್ಟ ಉತ್ತರಗಳೇ ಮೆಕ್‌ನಾಟನ್ ಸೂತ್ರಗಳು. ಕೃತ್ಯದ ಹೊತ್ತಿನಲ್ಲಿ ಮನೋರೋಗದಿಂದಾಗಿ ತಾನೇನು ಮಾಡುತ್ತಿದ್ದೇನೆಂಬುದು ಆರೋಪಿಗೆ ತಿಳಿದಿರಬಾರದು, ಇಲ್ಲವೇ ಅದು ತಪ್ಪೆಂಬುದು ತಿಳಿದಿರಬಾರದು. ವಿಚಿತ್ರವೆಂದರೆ, ಈ ಅಳತೆಗೋಲು ಮೊದಲೇ ಇದ್ದಿದ್ದರೆ ಪಿಸ್ತೂಲು ಹಿಡಿದು ಹೊಂಚುಹಾಕಿದ ಮೆಕ್‌ನಾಟನ್ನೇ ಬಹುಶಃ ಗಲ್ಲಿಗೇರುತ್ತಿದ್ದ.

1860ರ ಭಾರತೀಯ ದಂಡ ಸಂಹಿತೆಯ 84ನೇ ಕಲಮು ಹೇಳಿದ್ದೂ ಬಹುಮಟ್ಟಿಗೆ ಇದನ್ನೇ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಾಗಿದೆ; ತಿರುಳು ಬದಲಾಗಿಲ್ಲ. ಕೊಲೆ ಎಷ್ಟೇ ಭೀಕರವಾಗಿರಲಿ, ಕ್ರೌರ್ಯವೊಂದೇ ಹುಚ್ಚಿಗೆ ಪುರಾವೆಯಾಗದು. ಮನೋರೋಗವಿದೆ ಎಂದು ವೈದ್ಯರು ಬರೆದುಕೊಟ್ಟರೂ ಸಾಲದು. ತಿಂಗಳುಗಳ ನಂತರ ಆಸ್ಪತ್ರೆಯಲ್ಲಿ ಕಂಡ ರೋಗಿಯಿಂದ, ಕೊಲೆಯ ಆ ಕ್ಷಣದ ಮನಸ್ಸನ್ನು ಊಹಿಸಬೇಕು. ನಡುವೆ ಔಷಧಿ ಕೊಟ್ಟು ಗುಣವಾಗಿದ್ದರಂತೂ ಕೆಲಸ ಇನ್ನಷ್ಟು ಕಷ್ಟ. ಆದ್ದರಿಂದಲೇ ಕೃತ್ಯಕ್ಕೆ ಮುಂಚಿನ ಚಿಕಿತ್ಸೆಯ ಚೀಟಿ, ಕೃತ್ಯದ ನಂತರ ಆತ ಓಡಿಹೋದನೇ, ಅಲ್ಲೇ ಕುಳಿತಿದ್ದನೇ ಎಂಬ ನೆರೆಯವರ ಮಾತು, ಇವಕ್ಕೆಲ್ಲ ನ್ಯಾಯಾಲಯದಲ್ಲಿ ಬೆಲೆ. ಚೀಟಿಯೇ ಇಲ್ಲದ ಬಡವನ ಪಾಡು ಬೇರೆ.

ನಿರ್ದೋಷಿ ಎನಿಸಿಕೊಂಡ ಮೆಕ್‌ನಾಟನ್ ಮನೆಗೆ ಹೋಗಲಿಲ್ಲ. ಬೆತ್ಲೆಮ್ ಆಸ್ಪತ್ರೆಯಲ್ಲಿ ಎರಡು ದಶಕ ಕಳೆದು, 1864ರಲ್ಲಿ ಬ್ರಾಡ್‌ಮೂರ್‌ಗೆ ಸಾಗಿಸಲ್ಪಟ್ಟು, ಮರುವರ್ಷ ಅಲ್ಲೇ ಸತ್ತ.