ಹಳೆಯ ಸ್ಕೂಟರಿನ ಕ್ಲಚ್ ವಯರ್ ತುಂಡಾದರೆ: ನಿಪ್ಪಲ್ ಬೆಸೆಯುವ ಬಗೆ

ಕುಂದಾಪುರ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭಗೊಂಡು 1996ರಲ್ಲಿ ಬಾಗಿಲು ಮುಚ್ಚಿತು. ಬಜಾಜ್ ಚೇತಕ್ ಪೆಟ್ರೋಲ್ ಸ್ಕೂಟರಿನ ತಯಾರಿಕೆ 2000ರ ದಶಕದ ಮಧ್ಯಭಾಗದಲ್ಲಿ ನಿಂತಿತು. 2020ರಲ್ಲಿ ಮಾರುಕಟ್ಟೆಗೆ ಬಂದ ಚೇತಕ್ ವಿದ್ಯುತ್ ಚಾಲಿತವಾದುದು. ಅದಕ್ಕೆ ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಒಳರಸ್ತೆಗಳಲ್ಲಿ ಹಳೆಯ ಚೇತಕ್, ಯೆಜ್ಡಿ, ಮೀನಿನ ಬುಟ್ಟಿ ಹೊತ್ತ ಎಂ-80 ವಾಹನಗಳು ಇನ್ನೂ ಪೂರ್ಣವಾಗಿ ಕಣ್ಮರೆಯಾಗಿಲ್ಲ. ಇವುಗಳನ್ನು ಏಕಾಏಕಿ ನಡುದಾರಿಯಲ್ಲಿ ನಿಲ್ಲಿಸುವ ತೊಂದರೆಗಳಲ್ಲಿ ಕ್ಲಚ್ ವಯರ್ ತುಂಡಾಗುವುದೂ ಒಂದು. ಬೆಳಗ್ಗೆ ಮೀನು ತುಂಬಿಕೊಂಡು ಹೊರಟವನಿಗೆ ಇದು ಅಂದಿನ ಸಂಪಾದನೆಯ ಪ್ರಶ್ನೆಯೇ ಸರಿ.

ವಯರ್ ಎಂದು ರೂಢಿಯಲ್ಲಿ ಕರೆಯಲ್ಪಡುವ ಈ ಕೇಬಲ್ಲಿನಲ್ಲಿ ಎರಡು ಭಾಗಗಳಿವೆ. ಒಳಗಿನದು ಹಲವು ಉಕ್ಕಿನ ಎಳೆಗಳನ್ನು ಹೊಸೆದ ಹಗ್ಗ. ಹೊರಗಿನದು ಸುರುಳಿ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಕವಚ. ಒಳಎಳೆಯ ತುದಿಯಲ್ಲಿರುವ ಲೋಹದ ಪುಟ್ಟ ಗುಂಡಿಯೇ ನಿಪ್ಪಲ್. ಹಿಡಿಕೆಯ ಕುಳಿಯಲ್ಲಿ ಕುಳಿತು ಎಳೆತದ ಭಾರವನ್ನೆಲ್ಲ ಹೊರುವುದು ಇದು. ಹಿಡಿಕೆ ಒತ್ತಿದಾಗ ನಿಪ್ಪಲ್ ತನ್ನ ಕುಳಿಯಲ್ಲಿ ತುಸು ತಿರುಗಬೇಕು. ಗ್ರೀಸ್ ಒಣಗಿ ಅದು ಕಚ್ಚಿಕೊಂಡರೆ, ತಿರುಗುವ ಬದಲು ಅದರ ಬುಡದಲ್ಲಿ ತಂತಿಯೇ ಬಾಗತೊಡಗುತ್ತದೆ. ಹೀಗೆ ಬಾಗಿ ಬಾಗಿ ಒಂದೊಂದೇ ಎಳೆ ಕಡಿಯುತ್ತದೆ. ಮರವಂತೆಯಂತೆ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ಇರುವ ಕಡೆ ಉಪ್ಪುಗಾಳಿಯೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೂ ಸೇರಿ ತುಕ್ಕು ಈ ಕೆಲಸವನ್ನು ಇನ್ನಷ್ಟು ಬೇಗ ಮುಗಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮುಂದೆ ವಿವರಿಸಿದ ದುರಸ್ತಿ ಕ್ಲಚ್ ವಯರಿಗೆ ಮಾತ್ರ ಸಲ್ಲತಕ್ಕದ್ದು. ಬ್ರೇಕ್ ವಯರಿನ ನಿಪ್ಪಲ್ ಕಿತ್ತರೆ ಬೆಸೆಯುವ ಗೋಜಿಗೇ ಹೋಗದೆ ಹೊಸ ವಯರ್ ಹಾಕಿಸಬೇಕು. ಹಿಡಿಕೆಯ ಸನ್ನೆಯಿಂದಾಗಿ ಕೈಯ ಬಲದ ಹಲವು ಪಟ್ಟು ಎಳೆತ ನಿಪ್ಪಲ್ ಮೇಲೆ ಬೀಳುತ್ತದೆ. ಬಾಳೆಬರೆ ಘಾಟಿಯನ್ನೋ ಕೊಲ್ಲೂರು ಘಾಟಿಯನ್ನೋ ಇಳಿಯುವಾಗ ಅದು ಜಾರಿದರೆ ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಹೊಸ ವಯರಿನ ಬೆಲೆ ಅಂಥ ದುಬಾರಿಯೇನೂ ಅಲ್ಲ.

ಬೆಸುಗೆಗೆ ಮುನ್ನ ತಂತಿಯ ಹಾಳಾದ ತುದಿಯನ್ನು ತೆಗೆಯಬೇಕು. ಕತ್ತರಿಸುವ ಜಾಗಕ್ಕೆ ಮೊದಲೇ ಸ್ವಲ್ಪ ಸೀಸ ಹಿಡಿಸಿದರೆ ಎಳೆಗಳು ಬಿಚ್ಚಿಕೊಳ್ಳುವುದಿಲ್ಲ. ಹರಿತವಾದ ಕಟ್ಟರ್ ಬೇಕು. ಮೊಂಡು ಇಕ್ಕಳದಿಂದ ಜಗ್ಗಿದರೆ ತುದಿ ಪೊರಕೆಯಂತಾಗಿ ನಿಪ್ಪಲಿನ ರಂಧ್ರದೊಳಗೆ ನುಗ್ಗದು. ಎರಡೂ ತುದಿಗಳಲ್ಲಿ ನಿಪ್ಪಲ್ ಇರುವ ವಯರಾದರೆ ತಂತಿಯನ್ನು ಕವಚದೊಳಗೆ ಪೋಣಿಸಿದ ಬಳಿಕವೇ ಎರಡನೆಯ ತುದಿಯನ್ನು ಬೆಸೆಯತಕ್ಕದ್ದು. ಅವಸರದಲ್ಲಿ ಇದನ್ನು ಮರೆತು ಮಾಡಿದ ಬೆಸುಗೆಯನ್ನೇ ಕರಗಿಸಿ ತೆಗೆಯಬೇಕಾದ ಪಾಡು ಹೊಸಬರಿಗೆ ತಪ್ಪಿದ್ದಲ್ಲ.

ಬಳಿಕ ಹಿತ್ತಾಳೆಯ ನಿಪ್ಪಲನ್ನು ತಂತಿಗೆ ಏರಿಸಿ, ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಹೊರಗೆ ಬಿಟ್ಟು ಎಳೆಗಳನ್ನು ಹೂವಿನಂತೆ ಅರಳಿಸಬೇಕು. ದುರಸ್ತಿಯ ಜೀವಾಳ ಇರುವುದು ಇಲ್ಲಿಯೇ. ಅರಳಿದ ಎಳೆಗಳು ನಿಪ್ಪಲಿನ ಹೊರಮುಖದ ಅಗಲವಾದ ಕುಳಿಯಲ್ಲಿ ಕುಳಿತು ಸೀಸದೊಂದಿಗೆ ಗಟ್ಟಿಯಾದರೆ, ಎಳೆತವನ್ನು ಸೀಸ ಒಂದೇ ಹೊರಬೇಕಾಗುವುದಿಲ್ಲ. ಅರಳಿಸದೆ ಬೆಸೆದದ್ದು ಕೆಲವೇ ದಿನಗಳಲ್ಲಿ ಜಾರಿ ಬರುವ ಸಂಭವವಿದೆ. ಗ್ರೀಸಿನ ಅಂಶವನ್ನು ಚೆನ್ನಾಗಿ ತೊಳೆದು ಒಣಗಿಸಿ, ಫ್ಲಕ್ಸ್ ಹಚ್ಚಿ, ಕಾಸಿದ ಬೆಸುಗೆ ಕೋಲಿನಿಂದ ನಿಪ್ಪಲನ್ನು ಬಿಸಿ ಮಾಡಬೇಕು. ರೇಡಿಯೋ ರಿಪೇರಿಗೆ ಬಳಸುವ 60–40 ತವರ-ಸೀಸದ ಮಿಶ್ರಣ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಗ್ಯಾಸ್ ಜ್ವಾಲೆಯನ್ನು ನೇರವಾಗಿ ತಂತಿಗೆ ಹಿಡಿದರೆ ಉಕ್ಕು ತನ್ನ ಹದ ಕಳೆದುಕೊಂಡು ಬೆಸುಗೆಯ ಹಿಂದುಗಡೆಯೇ ಕಡಿಯುತ್ತದೆ. ಕುಳಿ ತುಂಬಿದ ಮೇಲೆ ತಾನಾಗಿ ಆರಲು ಬಿಟ್ಟು, ಉಬ್ಬನ್ನು ಅರದಿಂದ ಉಜ್ಜಿ ಸಮ ಮಾಡಬೇಕು.

ದಾರಿಯಲ್ಲೇ ತುಂಡಾದರೆ ಸ್ಕ್ರೂ ನಿಪ್ಪಲ್ ಆಪದ್ಬಾಂಧವ. ಅದೂ ಸಿಗದಿದ್ದಲ್ಲಿ ವಿದ್ಯುತ್ ತಂತಿ ಜೋಡಿಸುವ ಕನೆಕ್ಟರಿನ ಒಳಗಿನ ಹಿತ್ತಾಳೆ ತುಂಡನ್ನೇ ಬಿಗಿದು ಗ್ಯಾರೇಜ್ ತಲುಪುವವರುಂಟು. ಸ್ಕ್ರೂ ಎಳೆಗಳನ್ನು ಜಜ್ಜುವುದರಿಂದ ಇದು ಆ ದಿನದ ಉಪಾಯ ಮಾತ್ರ.

ಹೊಸ ನಿಪ್ಪಲಿನಿಂದ ತಂತಿ ತುಸು ಗಿಡ್ಡವಾಗಿರುತ್ತದೆ. ಅಡ್ಜಸ್ಟರ್ ಒಳಗೆ ತಿರುಗಿಸಿ, ಹಿಡಿಕೆಯ ಬುಡದಲ್ಲಿ ಎರಡು-ಮೂರು ಮಿಲಿಮೀಟರ್ ಸಡಿಲ ಉಳಿಯುವಂತೆ ನೋಡಿಕೊಳ್ಳಬೇಕು. ಸಡಿಲವೇ ಇಲ್ಲದಿದ್ದರೆ ಕ್ಲಚ್ ಪ್ಲೇಟ್ ಸವೆಯುತ್ತದೆ. ಚೇತಕ್‌ನಲ್ಲಿ ಇಂಜಿನ್ ಕಡೆಯ ತುದಿಗೆ ಬೆಸುಗೆಯಿಲ್ಲ, ಬಿಗಿಯುವ ತಿರುಪು ಇರುವುದರಿಂದ ಅಲ್ಲಿಯೂ ಸರಿಪಡಿಸಲು ಅವಕಾಶವುಂಟು. ಮಳೆಗಾಲಕ್ಕೆ ಮುನ್ನ, ಮೇ ತಿಂಗಳಲ್ಲಿ, ಕವಚದ ಮೇಲ್ತುದಿಗೆ ಕಾಗದದ ಆಲಿಕೆ ಕಟ್ಟಿ ಇಂಜಿನ್ ಆಯಿಲ್ ಇಳಿಬಿಟ್ಟು, ಅದು ಕೆಳತುದಿಯಲ್ಲಿ ತೊಟ್ಟಿಕ್ಕುವವರೆಗೂ ಕಾಯುವುದು ಒಳ್ಳೆಯದು. ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿದ ಬಿಡಿ ವಯರೊಂದು ಡಿಕ್ಕಿಯಲ್ಲಿರಲಿ.