ಲೇಸರ್‌ಗೆ ಮುನ್ನ ಕಾರ್ನಿಯಾದ ಲೆಕ್ಕ

ವಕ್ರೀಭವನದ ಪಾಠ ಮುಗಿಯುವ ಹೊತ್ತಿಗೆ ಕನ್ನಡಕ ಹಾಕಿದ ಯಾರಾದರೊಬ್ಬರು ಎದ್ದುನಿಂತು, "ಸರ್, ಲೇಸರ್ ಮಾಡಿಸಿದರೆ ಕನ್ನಡಕ ಬೇಡವಂತೆ. ಮಾಡಿಸಬಹುದೇ?" ಎಂದು ಕೇಳುವುದುಂಟು. ನಾನು ವೈದ್ಯನಲ್ಲ, ಹೌದು ಅಥವಾ ಇಲ್ಲ ಎಂದು ಹೇಳಲಾರೆ. ಆದರೆ ಈ ಚಿಕಿತ್ಸೆಗೆ ಮುನ್ನ ನೇತ್ರತಜ್ಞರು ಕೇಳುವ ಪ್ರಶ್ನೆಗಳು ಎಲ್ಲಿಂದ ಬಂದವು ಎಂಬುದನ್ನು ಹೇಳಬಲ್ಲೆ. ಅವುಗಳಲ್ಲಿ ಹಲವು, ಹಿಂದಿನವರು ತಮ್ಮ ಕಣ್ಣುಗಳಿಂದ ತೆತ್ತ ಬೆಲೆಯಿಂದ ಹುಟ್ಟಿದವು.

ಮೊದಲು ಕಣ್ಣಿನ ದ್ಯುತಿವಿಜ್ಞಾನವನ್ನು ನೆನಪಿಸಿಕೊಳ್ಳಿ. ಕಣ್ಣಿನ ಒಟ್ಟು ಸಾಮರ್ಥ್ಯ ಸುಮಾರು 60 ಡಯಾಪ್ಟರ್. ಇದರಲ್ಲಿ 43ರಷ್ಟು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ್ದು. ಒಳಗಿನ ಮಸೂರದ ಪಾಲು ಉಳಿದದ್ದು ಮಾತ್ರ. ಸಮೀಪದೃಷ್ಟಿ ಇರುವವರಲ್ಲಿ ದೂರದ ವಸ್ತುವಿನ ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡುತ್ತದೆ. ಆದ್ದರಿಂದ ಕಾರ್ನಿಯಾವನ್ನು ತುಸು ಚಪ್ಪಟೆಯಾಗಿಸಿದರೆ ಕನ್ನಡಕ ಬೇಕಿಲ್ಲ. ಕಾಗದದ ಮೇಲೆ ಇದು ಸುಲಭ.

ಹೀಗೆ ಯೋಚಿಸಿದವರಲ್ಲಿ ಜಪಾನಿನ ತ್ಸುತೊಮು ಸಾಟೊ ಮೊದಲಿಗರ ಸಾಲಿನವರು. 1930ರ ದಶಕದ ಕೊನೆಯಿಂದ ಅವರು ಕಾರ್ನಿಯಾದಲ್ಲಿ ಗೀರುಗಳನ್ನು ಕೊಯ್ದು ಅದನ್ನು ಚಪ್ಪಟೆಯಾಗಿಸುವ ವಿಧಾನವನ್ನು ಬೆಳೆಸಿದರು. ಗೀರುಗಳು ಒಳಮೈಯಲ್ಲೂ ಇದ್ದವು. ಆರಂಭದಲ್ಲಿ ಫಲಿತಾಂಶ ಚೆನ್ನಾಗಿಯೇ ಕಂಡಿತು. ಆದರೆ ಒಳಮೈಯ ಕೋಶಗಳ ಪದರವೇ ಕಾರ್ನಿಯಾದಿಂದ ನೀರನ್ನು ಹೊರಹಾಕಿ ಅದನ್ನು ಪಾರದರ್ಶಕವಾಗಿ ಇಡುವುದು, ಆ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ ಎಂಬುದು ಆಗ ಸ್ಪಷ್ಟವಾಗಿ ತಿಳಿದಿರಲಿಲ್ಲ. ಹತ್ತಿಪ್ಪತ್ತು ವರ್ಷಗಳ ನಂತರ ಅನೇಕರ ಕಾರ್ನಿಯಾ ಊದಿಕೊಂಡು ಮಬ್ಬಾಯಿತು.

1949ರಲ್ಲಿ ಹೊಸೆ ಬರಾಕೆರ್ ಬೇರೊಂದು ದಾರಿಯನ್ನು ಪ್ರಕಟಿಸಿದರು. ಕಾರ್ನಿಯಾದ ಮೇಲ್ಪದರವನ್ನು ಬಿಲ್ಲೆಯಂತೆ ಕತ್ತರಿಸಿ ತೆಗೆದು, ಹೆಪ್ಪುಗಟ್ಟಿಸಿ, ಲೇತಿನಲ್ಲಿ ಕಡೆದು ಮತ್ತೆ ಹೊಲಿಯುವುದು! ಕೆಲವೇ ಕೈಗಳಿಗೆ ಒಲಿದ ವಿದ್ಯೆ ಅದು. ಆದರೆ ಆಕಾರ ಬದಲಿಸಲು ಅಂಗಾಂಶವನ್ನು ಅಳೆದು ತೆಗೆಯಬೇಕು ಎಂಬ ಅವರ ವಿಚಾರವೇ ಮುಂದೆ ಉಳಿಯಿತು.

1970ರ ದಶಕದಲ್ಲಿ ಮಾಸ್ಕೋದ ಸ್ವ್ಯಾಟೊಸ್ಲಾವ್ ಫ್ಯೊದೊರೊವ್ ಸಾಟೊರ ಗೀರುಗಳನ್ನು ಹೊರಮೈಗೆ ಮಾತ್ರ ಸೀಮಿತಗೊಳಿಸಿ, ಬಂಡಿಚಕ್ರದ ಅರಗಳಂತೆ ಕೊಯ್ಯತೊಡಗಿದರು. ಈ ವಿಧಾನ ಅಮೆರಿಕದಲ್ಲೂ ಜನಪ್ರಿಯವಾಯಿತು. ಅಲ್ಲಿ ಇದರ ಮೇಲೆ ನಡೆದ ಅಧ್ಯಯನದ ಹತ್ತು ವರ್ಷಗಳ ವರದಿ ಬಂದದ್ದು 1994ರಲ್ಲಿ. ಶೇ. 43 ಕಣ್ಣುಗಳು 1 ಡಯಾಪ್ಟರ್ ಅಥವಾ ಅದಕ್ಕಿಂತ ಹೆಚ್ಚು ದೂರದೃಷ್ಟಿಯ ಕಡೆಗೆ ಸರಿದಿದ್ದವು. ಗೀರು ಬಿದ್ದ ಕಾರ್ನಿಯಾ ಸಡಿಲವಾಗಿ, ವರ್ಷ ಕಳೆದಂತೆ ಚಪ್ಪಟೆಯಾಗುತ್ತಲೇ ಹೋಗಿತ್ತು. ಕಾರ್ನಿಯಾ ಬರಿಯ ಮಸೂರವಲ್ಲ, ಕಣ್ಣಿನೊಳಗಿನ ಒತ್ತಡವನ್ನು ತಡೆದು ನಿಂತ ಗೋಡೆಯೂ ಹೌದು ಎಂಬುದನ್ನು ಇದು ಕಲಿಸಿತು.

ಅಷ್ಟರಲ್ಲಿ ಉತ್ತರ ಬೇರೆಲ್ಲಿಂದಲೋ ಬಂದಿತ್ತು. ಮದ್ರಾಸಿನಲ್ಲಿ ಹುಟ್ಟಿ ಬೆಳೆದ ರಸಾಯನ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ನ್ಯೂಯಾರ್ಕ್ ರಾಜ್ಯದ ಐಬಿಎಂ ಪ್ರಯೋಗಾಲಯದಲ್ಲಿ ನೇರಳಾತೀತ ಲೇಸರ್‌ನಿಂದ ಪ್ಲಾಸ್ಟಿಕ್ ಕೆತ್ತುತ್ತಿದ್ದರು. 1981ರ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಮನೆಯೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕನ್ನು ಅವರು ಪ್ರಯೋಗಾಲಯಕ್ಕೆ ತಂದರು. ಜೇಮ್ಸ್ ವೈನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರ ಸಂಗಾತಿಗಳು. 193 ನ್ಯಾನೋಮೀಟರ್ ತರಂಗಾಂತರದ ಆರ್ಗಾನ್ ಫ್ಲೂರೈಡ್ ಎಕ್ಸೈಮರ್ ಲೇಸರ್ ಆ ಮೃದ್ವಸ್ಥಿಯನ್ನು ಸುಟ್ಟ ಗುರುತೇ ಇಲ್ಲದಂತೆ ಕೊರೆಯಿತು. ಹೋಲಿಕೆಗೆ ಬಳಸಿದ ಹಸಿರು ಲೇಸರ್ ಅಂಚನ್ನು ಕರಕಲು ಮಾಡಿತು.

ಕಾರಣ ನಿಮಗೆ ತಿಳಿದ ಭೌತವಿಜ್ಞಾನವೇ. 193 ನ್ಯಾನೋಮೀಟರ್ ಫೋಟಾನಿನ ಶಕ್ತಿ 6.4 ಎಲೆಕ್ಟ್ರಾನ್ ವೋಲ್ಟ್. ಪ್ರೋಟೀನಿನ ಬಂಧಗಳನ್ನು ಮುರಿಯಲು ಅಷ್ಟು ಸಾಕು. ಈ ಬೆಳಕನ್ನು ಅಂಗಾಂಶವು ಅತಿ ತೆಳುವಾದ ಪದರದಲ್ಲೇ ಹೀರಿಕೊಳ್ಳುತ್ತದೆ. ಮಿಡಿತ ಕೆಲವೇ ನ್ಯಾನೋಸೆಕೆಂಡಿನದು. ಶಾಖ ಪಕ್ಕಕ್ಕೆ ಹರಡುವ ಮೊದಲೇ ಆ ಪದರ ಸಿಡಿದು ಹೋಗಿರುತ್ತದೆ. ಒಂದು ಮಿಡಿತಕ್ಕೆ ಏಳುವುದು ಮೈಕ್ರೋಮೀಟರಿನ ಕಾಲು ಭಾಗದಷ್ಟು ಮಾತ್ರ. 1983ರಲ್ಲಿ ನೇತ್ರತಜ್ಞ ಸ್ಟೀಫನ್ ಟ್ರೋಕೆಲ್ ಶ್ರೀನಿವಾಸನ್ ಜೊತೆಗೂಡಿ ಇದನ್ನು ಕಾರ್ನಿಯಾದ ಮೇಲೆ ಪ್ರಯೋಗಿಸಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ.

ಈಗ ಲೆಕ್ಕಕ್ಕೆ ಬರೋಣ. ಇದನ್ನು ಪಿಯುಸಿ ತರಗತಿಯ ಕಪ್ಪುಹಲಗೆಯ ಮೇಲೆ ಮಾಡಿಸಬಹುದು. ಗೋಳಖಂಡದ ಎತ್ತರ ಸ್ಥೂಲವಾಗಿ ವ್ಯಾಸದ ವರ್ಗವನ್ನು ವಕ್ರತಾ ತ್ರಿಜ್ಯದ 8ರಷ್ಟರಿಂದ ಭಾಗಿಸಿದಷ್ಟು. ಕಾರ್ನಿಯಾದ ವಕ್ರೀಭವನ ಸೂಚ್ಯಂಕ 1.376. ಇದರಲ್ಲಿ 1 ಕಳೆದು 8ರಿಂದ ಗುಣಿಸಿದರೆ ಸರಿಸುಮಾರು 3. ಆದ್ದರಿಂದ ತೆಗೆಯಬೇಕಾದ ಆಳ, ಮೈಕ್ರೋಮೀಟರ್‌ಗಳಲ್ಲಿ:

ಆಳ = ವ್ಯಾಸ × ವ್ಯಾಸ × ಡಯಾಪ್ಟರ್ ÷ 3

ವ್ಯಾಸ ಮಿಲಿಮೀಟರ್‌ಗಳಲ್ಲಿ ಇರಬೇಕು. ಚಾರ್ಲ್ಸ್ ಮನ್ನರ್ಲಿನ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಸೂತ್ರ ಇದು. 6 ಮಿಲಿಮೀಟರ್ ವ್ಯಾಸಕ್ಕೆ ಪ್ರತಿ ಡಯಾಪ್ಟರ್‌ಗೆ 12 ಮೈಕ್ರೋಮೀಟರ್. ನಿಮ್ಮ ನಂಬರು ಮೈನಸ್ 10 ಎಂದುಕೊಳ್ಳಿ: 120 ಮೈಕ್ರೋಮೀಟರ್. ಗ್ರೀಸಿನ ಪಲ್ಲಿಕಾರಿಸ್ 1990ರ ಸುಮಾರಿಗೆ ರೂಪಿಸಿದ ಲೇಸಿಕ್‌ನಲ್ಲಿ ಮೇಲ್ಪದರವೊಂದನ್ನು ಪುಸ್ತಕದ ಹಾಳೆಯಂತೆ ಮಗುಚಿ, ಅದರ ಕೆಳಗೆ ಲೇಸರ್ ಹಾಯಿಸುತ್ತಾರೆ. ಆ ಪದರವನ್ನು ಮತ್ತೆ ಮುಚ್ಚಿದರೂ ಅದು ಮೊದಲಿನ ಬಲ ಕೊಡದು. ಅದಕ್ಕೂ 120 ಕಳೆಯಿರಿ. ಕಾರ್ನಿಯಾದ ಸರಾಸರಿ ದಪ್ಪ ಸುಮಾರು 540 ಮೈಕ್ರೋಮೀಟರ್. ನಿಮ್ಮದು 500 ಇದ್ದರೆ ಉಳಿಯುವುದು 260.

ಇದು ಸಾಕೇ? 1998ರಲ್ಲಿ ಜರ್ಮನಿಯ ಥಿಯೋ ಸೈಲರ್ ಮತ್ತು ಸಂಗಡಿಗರು, ಲೇಸಿಕ್ ಆದ ಕೆಲವು ಕಣ್ಣುಗಳಲ್ಲಿ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬಿದ್ದನ್ನು ವರದಿ ಮಾಡಿದರು. ಕನಿಷ್ಠ 250 ಮೈಕ್ರೋಮೀಟರ್ ಉಳಿಯಬೇಕು ಎಂಬ ನಿಯಮ ಬಳಕೆಗೆ ಬಂತು. ಆ ಪ್ರಕಾರ ನೀವು ಹೇಗೋ ಪಾರು. ಆದರೆ ಬಾಧಿತವಾಗುವ ಭಾಗ ಒಟ್ಟು ದಪ್ಪದ ಶೇ. 40 ತಲಪಿದರೆ ಅಪಾಯ ಹೆಚ್ಚು ಎಂಬ ಇನ್ನೊಂದು ಅಳತೆ 2014ರಲ್ಲಿ ಬಂತು. ನಿಮ್ಮದು ಶೇ. 48. ಇಲ್ಲಿ ನಾನಾದರೆ ಎರಡನೆಯ ಅಳತೆಯ ಮಾತನ್ನೇ ಕೇಳುತ್ತೇನೆ.

ವ್ಯಾಸವನ್ನು 5 ಮಿಲಿಮೀಟರ್‌ಗೆ ಇಳಿಸಿದರೆ ಆಳ 83ಕ್ಕೆ ಇಳಿಯುತ್ತದೆಯಲ್ಲ ಎಂದು ಚುರುಕು ವಿದ್ಯಾರ್ಥಿ ಕೇಳಿಯಾನು. ನಿಜ. ಆದರೆ ರಾತ್ರಿ ಕಣ್ಣಪಾಪೆ ಅದಕ್ಕಿಂತ ಅಗಲವಾಗಿ ತೆರೆದುಕೊಂಡರೆ ತಿದ್ದದೆ ಉಳಿದ ಅಂಚಿನಿಂದಲೂ ಬೆಳಕು ಒಳಬರುತ್ತದೆ. ಎದುರಿನ ವಾಹನದ ದೀಪದ ಸುತ್ತ ಬಳೆ ಕಾಣುತ್ತದೆ. ಆರಂಭದ ದಿನಗಳಲ್ಲಿ ಚಿಕ್ಕ ವ್ಯಾಸ ಬಳಸಿದಾಗ ಈ ದೂರು ಸಾಮಾನ್ಯವಾಗಿತ್ತು.

ದಪ್ಪವೊಂದೇ ಸಾಲದು. ಕಾರ್ನಿಯಾ ಶಂಕುವಿನಂತೆ ಮೊನಚಾಗುವ ಕಾಯಿಲೆಯ ಸುಳಿವಿದ್ದರೆ ಲೇಸಿಕ್ ಸಲ್ಲದು. ಆಕಾರದ ನಕ್ಷೆ ತೆಗೆಸುವುದು ಇದಕ್ಕೇ. ಕಾಂಟ್ಯಾಕ್ಟ್ ಲೆನ್ಸ್ ಕೂಡ ಕಾರ್ನಿಯಾವನ್ನು ಒತ್ತಿ ಆಕಾರ ಬದಲಿಸುವುದರಿಂದ, ಮೃದು ಲೆನ್ಸನ್ನು ಅಳತೆಗೆ ಎರಡು ವಾರ ಮೊದಲೇ, ಗಟ್ಟಿಯದನ್ನು ಇನ್ನೂ ಮುಂಚೆ ಬಿಡಬೇಕು. ಮೇಲ್ಪದರ ಕೊಯ್ಯುವಾಗ ನರತಂತುಗಳೂ ತುಂಡಾಗುವುದರಿಂದ, ಮೊದಲೇ ಒಣಗುವ ಕಣ್ಣು ಇನ್ನಷ್ಟು ಒಣಗುತ್ತದೆ. ಬಸಿರಿ, ಬಾಣಂತಿಯರಲ್ಲಿ ನಂಬರು ಏರಿಳಿಯಬಹುದು. ಹದಿನೆಂಟು ತುಂಬಿದ ಮಾತ್ರಕ್ಕೆ ಅವಸರ ಬೇಡ; ಕನಿಷ್ಠ ಒಂದು ವರ್ಷ ನಂಬರು ಅರ್ಧ ಡಯಾಪ್ಟರ್‌ಗಿಂತ ಹೆಚ್ಚು ಬದಲಾಗಿರಬಾರದು. ಬೆಳೆಯುತ್ತಿರುವ ನಂಬರನ್ನು ಲೇಸರ್ ನಿಲ್ಲಿಸುವುದಿಲ್ಲ.

ಇನ್ನು ನನ್ನ ವಯಸ್ಸಿನ ಅಧ್ಯಾಪಕರಿಗೆ ಒಂದು ಮಾತು. ನಲವತ್ತರ ನಂತರ ಓದಲು ಬೇಕಾಗುವ ಕನ್ನಡಕಕ್ಕೆ ಕಾರಣ ಒಳಗಿನ ಮಸೂರ ಗಡಸಾಗುವುದು. ಕಾರ್ನಿಯಾ ಕೆತ್ತಿದರೆ ಅದು ಸರಿಹೋಗದು. ನನ್ನ ನಂಬರು ಮೈನಸ್ 2.5. ಕನ್ನಡಕ ತೆಗೆದರೆ ನನ್ನ ದೂರಬಿಂದು 40 ಸೆಂಟಿಮೀಟರ್, ಅಂದರೆ ಉತ್ತರಪತ್ರಿಕೆ ಹಿಡಿಯುವ ದೂರ. ಲೇಸರ್ ಮಾಡಿಸಿಕೊಂಡರೆ ಈ ಅನುಕೂಲ ಹೋಗುತ್ತದೆ. ನಾನು ಮಾಡಿಸಿಕೊಂಡಿಲ್ಲ.

ಮಾಡಿಸಿಕೊಳ್ಳುವವರು ಚಿಕಿತ್ಸೆಗೆ ಮುಂಚಿನ ಅಳತೆಗಳ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಡಿ. ಮುಂದೆ ಕಣ್ಣಿನ ಪೊರೆ ಬಂದಾಗ ಕೂರಿಸುವ ಕೃತಕ ಮಸೂರದ ಸಾಮರ್ಥ್ಯವನ್ನು ಕಾರ್ನಿಯಾದ ವಕ್ರತೆಯಿಂದಲೇ ಲೆಕ್ಕ ಹಾಕುತ್ತಾರೆ. ಲೇಸರ್ ಆದ ಕಣ್ಣಿನಲ್ಲಿ ಮಾಮೂಲಿ ಸೂತ್ರ ತಪ್ಪು ಉತ್ತರ ಕೊಡುತ್ತದೆ. ಇಪ್ಪತ್ತು ಮೂವತ್ತು ವರ್ಷಗಳ ಹಿಂದಿನ ಆ ಹಾಳೆ ಆಗ ಕೆಲಸಕ್ಕೆ ಬರುತ್ತದೆ.